ದೊಡ್ಡ ಇಂಜಿನ್ನಿಗೊಂದು ಫ್ಯೂಯೆಲ್ ಪಂಪ್

ಫ್ರೀವೇಯ ಸುರಂಗದೊಳಗೆ ನಮ್ಮ ಕಾರು ಬಂದ್ ಬಿದ್ದಾಗ ಬೆನ್ನ ಹಿಂದೆಯೇ ಒಂದು ಬಸ್ಸು ಬರುತ್ತಿತ್ತು.

ಶನಿವಾರದ ಬೆಳಿಗ್ಗೆ. ಮುಂಬೈಯ ಫೋರ್ಟಿನಲ್ಲಿ ತಿಂಡಿ ತಿಂದು ಚೆಂಬೂರಿನ ಮನೆಗೆ ವಾಪಸಾಗುತ್ತಿದ್ದೆವು. ಕಾರು ಓಡಿಸುತ್ತಿದ್ದವಳು ನನ್ನ ಹೆಂಡತಿ. ಸುರಂಗಕ್ಕೆ ಸ್ವಲ್ಪ ಮೊದಲು ಒಂದು ಟ್ಯಾಕ್ಸಿಯನ್ನು ದಾಟಲು ಅವಳು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಳು. ಕಾರು ಮುಂದಕ್ಕೆ ನುಗ್ಗಿತು. ಬೆನ್ನು ಸೀಟಿಗೆ ಅಂಟಿಕೊಂಡಿತು. ಆಮೇಲೆ ಎರಡು ಸಲ ಕೆಮ್ಮಿದಂತಾಗಿ, ಒಂದು ಜರ್ಕು ಹೊಡೆದು, ಇಂಜಿನ್ನು ಸುಮ್ಮನಾಯಿತು. ಬಸ್ಸಿನ ಹಾರ್ನ್ ಸುರಂಗದ ತುಂಬ ಮೊಳಗಿತು.

"ಕಿಟಕಿಯಿಂದ ಕೈ ಹೊರಗ ಹಾಕಿ ಬಾಜೂ ಸರಿ ಅಂತ ಹೇಳ್ರಿ," ಎಂದಳು. ಅವಳ ದನಿಯಲ್ಲಿ ಗಾಬರಿಯಿರಲಿಲ್ಲ. ಬಸ್ಸು ನಮ್ಮನ್ನು ಸವರಿಕೊಂಡು ಬಲಕ್ಕೆ ಹೋಯಿತು. ಉಳಿದಿದ್ದ ವೇಗದಲ್ಲೇ ಕಾರನ್ನು ಉರುಳಿಸುತ್ತ ಅವಳು ಸುರಂಗದಾಚೆ ಬೆಳಕಿಗೆ ತಂದು ಎಡಕ್ಕೆ ನಿಲ್ಲಿಸಿದಳು.

ನಾನು ಬಾನೆಟ್ ಎತ್ತಿದೆ. ಪೆಟ್ರೋಲ್ ಹೋಗುವ ಪೈಪಿನ ನಡುವೆ ಒಂದು ಗಾಜಿನ ಫಿಲ್ಟರ್ ಇದೆ. ಅದು ಖಾಲಿಯಾಗಿತ್ತು. ಅವಳು ಸ್ಟಾರ್ಟರ್ ತಿರುಗಿಸಿದಾಗ ಗಾಜಿನೊಳಗೆ ಪೆಟ್ರೋಲ್ ನಿಧಾನವಾಗಿ ಏರಿತು, ಸ್ವಲ್ಪ ಹೊತ್ತಿಗೆ ಇಂಜಿನ್ನು ಏನೂ ಆಗಿಲ್ಲವೆಂಬಂತೆ ಗುಡುಗತೊಡಗಿತು. ಆ ತಿಂಗಳಲ್ಲಿ ಇದು ಮೂರನೆಯ ಸಲ. ಊರೊಳಗೆ ನಿಧಾನವಾಗಿ ಓಡಿಸಿದರೆ ಏನೂ ಇಲ್ಲ. ಪೂರ್ತಿ ಶಕ್ತಿ ಕೇಳಿದರೆ ಮಾತ್ರ ಹೀಗೆ.

ಆ ಕಾರಿನ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಮಾವ ವಿಜಯಪುರದ ಕಡೆಯವರು, ಫೋರ್ಟಿನ ಒಂದು ವ್ಯಾಪಾರಿ ಮನೆತನಕ್ಕೆ ಮೂವತ್ತು ವರ್ಷ ಡ್ರೈವರ್ ಆಗಿದ್ದವರು. ಆ ಮನೆಯವರು ತಮ್ಮ ಹಳೆಯ ಅಮೇರಿಕನ್ ಕಾರನ್ನು ಗುಜರಿಗೆ ಹಾಕುವ ಬದಲು ಅವರಿಗೇ ಕೊಟ್ಟರು. ನನ್ನ ಹೆಂಡತಿ ಡ್ರೈವಿಂಗ್ ಕಲಿತದ್ದು ಅದರಲ್ಲೇ. ಮಾವ ತೀರಿಕೊಂಡ ಮೇಲೆ ಕಾರು ಅವಳದಾಯಿತು. ಅದರ ಮೂಲ ಇಂಜಿನ್ನು ಸವೆದು ಹೋದಾಗ, ಮಾವನ ಗೆಳೆಯರಾದ ಬೈಕುಲ್ಲಾದ ಗಾಡಿ ರಿಪೇರಿ ಮಿಸ್ತ್ರಿಯೊಬ್ಬರು ದಾರುಖಾನೆಯ ಹಡಗು ಒಡೆಯುವ ಕಡೆಯಿಂದ ಎಂಟು ಸಿಲಿಂಡರಿನ ಒಂದು ಇಂಜಿನ್ನನ್ನು ಹುಡುಕಿ ತಂದರು. ಯಾವುದೋ ಮೋಟಾರು ದೋಣಿಯದು. ಅದನ್ನು ಬಿಚ್ಚಿ, ಕೊರೆಸಿ, ಹೊಸ ಪಿಸ್ಟನ್ ಕೂರಿಸಿ, ಮೇಲೆ ಪೆಟ್ರೋಲಿಗೆ ಗಾಳಿ ಬೆರೆಸುವ ಒಂದು ದೊಡ್ಡ ನಾಲ್ಕು ಬಾಯಿಯ ಕಾರ್ಬುರೇಟರ್ ಇಟ್ಟರು. ಆರ್‌ಟಿಓ ಪುಸ್ತಕದಲ್ಲಿ ಇಂಜಿನ್ ನಂಬರ್ ಬದಲಾಯಿಸಲು ನಾನು ಎಷ್ಟು ಸಲ ಅಲೆದೆನೋ ಲೆಕ್ಕವಿಲ್ಲ. ಕೊನೆಗೆ ಕಾರಿಗೆ ಮೊದಲಿನ ಮೂರು ಪಟ್ಟು ಶಕ್ತಿ ಬಂತು. ಮಿಸ್ತ್ರಿಯ ಅಂದಾಜಿನಲ್ಲಿ ಮುನ್ನೂರೈವತ್ತು ಕುದುರೆ. ಆದರೆ ಅಷ್ಟೂ ಕುದುರೆಗಳಿಗೆ ಪೆಟ್ರೋಲ್ ಕುಡಿಸುತ್ತಿದ್ದದ್ದು ದೋಣಿಯಿಂದ ಬಂದ ಅದೇ ಹಳೆಯ ಚಿಕ್ಕ ಪಂಪ್.

ನಾನು ಧಾರವಾಡದವನು. ಚೆಂಬೂರಿನ ಒಂದು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿದ್ದು ನಿವೃತ್ತನಾದೆ. ಪೈಪುಗಳಲ್ಲಿ ಹರಿಯುವ ಎಣ್ಣೆಯ ಒತ್ತಡ ಎಷ್ಟು, ಹರಿವು ಎಷ್ಟು ಎಂದು ಅಳೆಯುವುದೇ ನನ್ನ ಇಡೀ ನೌಕರಿ. ಒತ್ತಡ ಒಂದು, ಹರಿವು ಇನ್ನೊಂದು. ಇವೆರಡನ್ನು ಒಂದೇ ಎಂದು ತಿಳಿದು ಅನಾಹುತ ಮಾಡಿಕೊಂಡವರನ್ನು ಕಂಡಿದ್ದೇನೆ. ಒಬ್ಬ ಸಹೋದ್ಯೋಗಿಯ ಮುಂಗೈ ಸುಟ್ಟದ್ದನ್ನು ಹತ್ತು ಹೆಜ್ಜೆ ದೂರದಿಂದ ನೋಡಿದ್ದೇನೆ. ಅಂದಿನಿಂದ ಪೆಟ್ರೋಲಿನ ವಾಸನೆ ಬಂದರೆ ಅದು ಎಲ್ಲಿಂದ ಎಂದು ಹುಡುಕದೆ ಬಿಡುವುದಿಲ್ಲ. ಕಾರಿನಲ್ಲಿ ಸೀಟಿನ ಕೆಳಗೆ ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಇಟ್ಟಿದ್ದವನೂ ನಾನೇ. ಹೆಂಡತಿ ಅದನ್ನು ನೋಡಿ ನಗುತ್ತಿದ್ದಳು.

ಸೋಮವಾರ ಇಬ್ಬರೂ ಬೈಕುಲ್ಲಾಕ್ಕೆ ಹೋದೆವು. ಮಿಸ್ತ್ರಿಗೆ ಎಪ್ಪತ್ತು ದಾಟಿದೆ. ಹದಿನೈದನೇ ವಯಸ್ಸಿಗೆ ವಿಜಯಪುರದಿಂದ ಬಂದವರು, ಅಂದಿನಿಂದ ಅದೇ ಗಲ್ಲಿಯಲ್ಲಿ ಗ್ಯಾರೇಜು. ಹೆಂಡತಿ ಅವರನ್ನು ಕಾಕಾ ಎನ್ನುತ್ತಾಳೆ. ಅವರು ನನ್ನನ್ನು ಮೊದಲ ದಿನದಿಂದ ಅಳಿಯಂದ್ರು ಎಂದೇ ಕರೆಯುತ್ತಾರೆ.

"ಇಂಜಿನ್‌ಗ ನೀರಡಿಕಿ ಆಗ್ಯಾದ," ಎಂದರು, ನಾವು ಹೇಳಿದ್ದನ್ನು ಕೇಳಿ. "ಪಂಪ್ ಸಾಲವಲ್ಲದು. ನಾ ಮೊದಲೇ ವಿಚಾರ ಮಾಡಿ ಇಟ್ಟೀನಿ." ಕಪಾಟಿನಿಂದ ಒಂದು ಹೊಳೆಯುವ ಕೊಳವೆಯಂಥ ಇಲೆಕ್ಟ್ರಿಕ್ ಪಂಪನ್ನು ತೆಗೆದರು. ಈಗಿನ ಕಾಲದ ದೊಡ್ಡ ಗಾಡಿಯದು. "ಇದು ಭಾರೀ ತಾಕತ್ತಿನ ಮಾಲ್."

"ಇದರ ಪ್ರೆಶರ್ ಎಷ್ಟ್ರಿ?" ಎಂದು ಕೇಳಿದೆ.

"ನಲವತ್ತು ಪೌಂಡಿನ ಮ್ಯಾಲೆ. ಜಾಸ್ತಿ ಇದ್ರ ಚಲೋನ ಅಲ್ಲೇನ್ರಿ?"

ಅಲ್ಲ, ಎಂದೆ. ಅಂಥ ಪಂಪು ಇರುವುದು ಪೆಟ್ರೋಲನ್ನು ಜೋರಾಗಿ ಚಿಮ್ಮಿಸುವ ಇಂಜೆಕ್ಷನ್ ಇಂಜಿನ್ನಿಗೆ. ಕಾರ್ಬುರೇಟರ್ ಕಥೆಯೇ ಬೇರೆ. ಅದರೊಳಗೆ ಒಂದು ಪುಟ್ಟ ತೊಟ್ಟಿ, ತೊಟ್ಟಿಯಲ್ಲಿ ತೇಲುವ ಒಂದು ಬುರುಡೆ. ನಮ್ಮ ಬಿಲ್ಡಿಂಗಿನ ಟೆರೇಸ್ ಟ್ಯಾಂಕಿನಲ್ಲಿ ನೀರು ತುಂಬಿದಾಗ ನಲ್ಲಿ ಮುಚ್ಚುವ ಚೆಂಡು ಇರುತ್ತದಲ್ಲ, ಹಾಗೆಯೇ. ಪೆಟ್ರೋಲ್ ತುಂಬಿದ ಕೂಡಲೇ ಬುರುಡೆ ಮೇಲೆದ್ದು ಒಂದು ಸೂಜಿಯನ್ನು ಒತ್ತಿ ಬಾಯಿ ಮುಚ್ಚುತ್ತದೆ. ಆ ಸೂಜಿ ತಡೆಯುವುದು ಆರೇಳು ಪೌಂಡಿನ ಒತ್ತಡವನ್ನು ಮಾತ್ರ. ಅದಕ್ಕಿಂತ ಹೆಚ್ಚಾದರೆ ಸೂಜಿಯನ್ನು ದಬ್ಬಿಕೊಂಡು ಪೆಟ್ರೋಲ್ ಉಕ್ಕಿ ಕಾದ ಇಂಜಿನ್ನಿನ ಮೇಲೆ ಸುರಿಯುತ್ತದೆ. "ನಮಗ ಬೇಕಾಗಿರೋದು ಮೆತ್ತಗ ದಬ್ಬೋ ಪಂಪ್ರಿ, ಆದ್ರ ಭಾಳ ಕೊಡಬೇಕು," ಎಂದೆ.

ಮಿಸ್ತ್ರಿಯ ಮುಖ ಬಿಗಿಯಿತು. "ನಡುವ ರೆಗ್ಯುಲೇಟರ್ ಕೂಡಸ್ತೀನಿ. ಪ್ರೆಶರ್ ಆರಕ್ಕ ಇಳೀತೈತಿ. ನನಗೂ ಇಷ್ಟು ತಿಳೀತೈತ್ರಿ." ಅವರು ತೋರಿಸಿದ ರೆಗ್ಯುಲೇಟರ್ ಹಗುರವಾದ ಅಗ್ಗದ ವಸ್ತು. ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಹಿಂದಿರುಗಿಸುವ ದಾರಿ ಅದಕ್ಕಿರಲಿಲ್ಲ. ನನ್ನ ಚೀಲದಲ್ಲಿ ಒತ್ತಡ ಅಳೆಯುವ ಗೇಜ್ ಇತ್ತು. ಇದನ್ನು ಹಚ್ಚಿ ನೋಡೋಣ ಎನ್ನುವಷ್ಟರಲ್ಲಿ ಹೆಂಡತಿ ಬಾಯಿ ತೆರೆದಳು.

"ರೀ, ಸಾಕು ಮಾಡ್ರಿ. ನೀವು ಎ.ಸಿ. ರೂಮಿನ್ಯಾಗ ಕುಂತು ಡಯಲ್ ನೋಡಿದವ್ರು. ಕಾಕಾ ಐವತ್ತು ವರ್ಷ ಗಾಡಿ ಒಳಗ ತಲಿ ಇಟ್ಟವ್ರು. ಅವ್ರಿಗೆ ಪಾಠ ಹೇಳ್ಬ್ಯಾಡ್ರಿ."

ಪಕ್ಕದ ಅಂಗಡಿಯವನೂ ಕೇಳಿಸಿಕೊಂಡ. ನನ್ನ ಕಿವಿ ಬಿಸಿಯಾಯಿತು. "ಆತು, ನಿಮಗ ತಿಳಿದಂಗ ಮಾಡ್ರಿ," ಎಂದು ಚೀಲ ಹೆಗಲಿಗೇರಿಸಿ ಗಲ್ಲಿಯ ಬಾಯಿಗೆ ಹೋಗಿ ಚಹಾ ಕುಡಿಯುತ್ತ ನಿಂತೆ. ಒಳಗೆ ಏನು ನಡೆಯುತ್ತಿದೆ, ಮುಂದೆ ಏನಾಗಬಹುದು ಎಂದು ನನಗೆ ಗೊತ್ತಿತ್ತು. ಆದರೂ ಮೂರು ತಾಸು ಒಳಗೆ ಕಾಲಿಡಲಿಲ್ಲ. ನಾನು ಸುಮ್ಮನಿದ್ದದ್ದು ದೊಡ್ಡತನದಿಂದಲ್ಲ. ಇವರಿಗೆ ಆಗಲಿ, ಗೊತ್ತಾಗಲಿ ಎಂಬ ಸಿಟ್ಟಿನಿಂದ.

ಮಧ್ಯಾಹ್ನ ಹೊರಟೆವು. ಹಿಂದಿನ ಸೀಟಿನ ಕೆಳಗೆಲ್ಲೋ ಹೊಸ ಪಂಪು ಸೊಳ್ಳೆಯಂತೆ ಗುಂಯ್‌ಗುಡುತ್ತಿತ್ತು. ಖಾಲಿ ರಸ್ತೆ ಸಿಕ್ಕಲ್ಲಿ ಹೆಂಡತಿ ಆಕ್ಸಿಲರೇಟರ್ ಒತ್ತಿದಳು. ಕಾರು ಕೆಮ್ಮಲಿಲ್ಲ, ತಡವರಿಸಲಿಲ್ಲ. ಎಳೆದ ಎಳೆತಕ್ಕೆ ನನ್ನ ಕನ್ನಡಕ ಜಾರಿತು. ಅವಳು ಗೆದ್ದವಳಂತೆ ನನ್ನ ಕಡೆ ನೋಡಿದಳು. ನಾನು ಕಿಟಕಿಯಾಚೆ ನೋಡುತ್ತ ಕೂತೆ.

ವಡಾಲಾ ಹತ್ತಿರದ ಸಿಗ್ನಲ್ಲಿನಲ್ಲಿ ಕೆಂಪು ದೀಪ. ಕಾರು ನಿಂತು ಅರ್ಧ ನಿಮಿಷವಾಗಿರಬೇಕು, ಇಂಜಿನ್ನಿನ ತಾಳ ತಪ್ಪಿತು. ಹಿಂದೆ ಕಪ್ಪು ಹೊಗೆ ಎದ್ದದ್ದು ಕನ್ನಡಿಯಲ್ಲಿ ಕಾಣಿಸಿತು. ನನಗೆ ಮೊದಲು ಮುಟ್ಟಿದ್ದು ವಾಸನೆ. ಹೊಗೆಯ ವಾಸನೆಯಲ್ಲ, ಹಸಿ ಪೆಟ್ರೋಲಿನದು.

ಏನಾಗುತ್ತಿದೆ ಎಂದು ನನಗೆ ತಕ್ಷಣ ಹೊಳೆಯಿತು. ಓಡುವಾಗ ಇಂಜಿನ್ನು ಬಂದಷ್ಟನ್ನೂ ಕುಡಿಯುತ್ತಿತ್ತು. ಈಗ ನಿಂತಿದೆ, ಕುಡಿಯುವುದು ತೊಟ್ಟು ತೊಟ್ಟಾಗಿ. ಪಂಪಿಗೆ ಅದು ಗೊತ್ತಿಲ್ಲ, ದಬ್ಬುತ್ತಲೇ ಇದೆ. ರೆಗ್ಯುಲೇಟರ್ ಸೋತಿದೆ.

ಇಂಜಿನ್ನು ಬಂದ್ ಬಿತ್ತು. ಪಂಪಿನ ಗುಂಯ್‌ಗುಡುವಿಕೆ ನಿಲ್ಲಲಿಲ್ಲ. ಹೆಂಡತಿಯ ಕೈ ಚಾವಿಯ ಮೇಲಿತ್ತು, ಮತ್ತೆ ಸ್ಟಾರ್ಟ್ ಮಾಡಲು.

"ಸ್ಟಾರ್ಟ್ ಮಾಡಬ್ಯಾಡ. ಚಾವಿ ಹಿಂದಕ್ಕ ತಿರುವು."

"ಹಿಂದ ಗಾಡಿ ನಿಂತಾವ್ರೀ..."

"ಒಂದು ಕಿಡಿ ಬಿದ್ರ ಸುಟ್ಟು ಹೋಗ್ತೀವಿ. ತಿರುವು."

ಅವಳು ಅರೆಕ್ಷಣ ಹಿಂಜರಿದಳು. ನಾನೇ ಕೈ ಚಾಚಿ ಚಾವಿಯನ್ನು ತಿರುಗಿಸಿ ಎಳೆದುಕೊಂಡೆ. ಗುಂಯ್‌ಗುಡುವಿಕೆ ನಿಂತಿತು. ಬಾನೆಟ್ಟಿನ ಕೆಳಗಿನಿಂದ ಟಪ್ ಟಪ್ ಎಂದು ಏನೋ ತೊಟ್ಟಿಕ್ಕುವ ಸದ್ದು ಕೇಳಿಸಿತು. ಇಳಿದು ಬಗ್ಗಿ ನೋಡಿದೆ. ಮುಂದಿನ ಚಕ್ರಗಳ ನಡುವೆ ಟಾರಿನ ಮೇಲೆ ಪೆಟ್ರೋಲ್ ಹರಡಿಕೊಂಡು ಫುಟ್‌ಪಾತಿನ ಕಡೆ ಸಣ್ಣ ಗೆರೆಯಾಗಿ ಹರಿಯುತ್ತಿತ್ತು. ಫುಟ್‌ಪಾತಿನ ಮೇಲೆ, ಹತ್ತು ಹದಿನೈದು ಹೆಜ್ಜೆ ದೂರದಲ್ಲಿ, ಒಂದು ವಡಾಪಾವ್ ಗಾಡಿ. ಬಾಣಲೆಯ ಕೆಳಗೆ ನೀಲಿ ಉರಿ. ಗಾಳಿ ನಮ್ಮಿಂದ ಆ ಕಡೆಗೇ ಬೀಸುತ್ತಿತ್ತು.

ಸೀಟಿನ ಕೆಳಗಿನ ಸಿಲಿಂಡರನ್ನು ಕೈಗೆ ತೆಗೆದುಕೊಂಡೆ. ಹೆಂಡತಿಗೆ ದೂರ ಹೋಗಿ ನಿಲ್ಲಲು ಹೇಳಿದೆ. ಗಾಡಿಯಲ್ಲಿ ವಡೆ ಕರಿಯುತ್ತಿದ್ದ ಹೆಂಗಸಿನ ಬಳಿ ಹೋಗಿ ನನ್ನ ಅರೆಬರೆ ಮರಾಠಿಯಲ್ಲಿ, "ತಾಯಿ, ಗ್ಯಾಸ್ ಬಂದ್ ಕರಾ, ಪೆಟ್ರೋಲ್ ಸಾಂಡ್ಲಂಯ್," ಎಂದೆ. ಪೆಟ್ರೋಲ್ ಚೆಲ್ಲಿದೆ ಎಂಬ ಮಾತು ಅರ್ಥವಾಗಿರಬೇಕು. ಆಕೆ ಕಾರಿನತ್ತ ನೋಡಿದಳು, ನನ್ನ ಕೈಯ ಸಿಲಿಂಡರ್ ನೋಡಿದಳು, ಬಗ್ಗಿ ಗ್ಯಾಸಿನ ರೆಗ್ಯುಲೇಟರಿನ ಗುಂಡಿ ತಿರುಗಿಸಿದಳು. ಎಣ್ಣೆಯಲ್ಲಿದ್ದ ವಡೆಗಳು ಸ್ವಲ್ಪ ಹೊತ್ತು ಕುದಿದು ಸುಮ್ಮನಾದವು. ಆಮೇಲೆ ಆಕೆಯೇ ಗಿರಾಕಿಗಳನ್ನು ಗದರಿಸಿ ಬೀಡಿ ಸೇದುತ್ತಿದ್ದವನೊಬ್ಬನನ್ನು ದೂರ ಅಟ್ಟಿದಳು. ಪಕ್ಕದಲ್ಲಿ ಕೆಲಸ ನಡೆಯುತ್ತಿದ್ದ ಕಟ್ಟಡದಿಂದ ಎರಡು ಬುಟ್ಟಿ ಮರಳು ತರಿಸಿದಳು. ನಾನು ಆ ಮರಳನ್ನು ಪೆಟ್ರೋಲಿನ ಮೇಲೆ ಸುರಿದೆ.

ಸಿಗ್ನಲ್ಲು ಎಷ್ಟು ಸಲ ಹಸಿರಾಗಿ ಕೆಂಪಾಯಿತೋ. ಹಿಂದಿನವರು ಹಾರ್ನ್ ಹೊಡೆದು, ಬೈದು, ಬದಿಯಿಂದ ಹೋದರು. ಸಿಲಿಂಡರಿನ ಪಿನ್ನು ಎಳೆದು ಕೊಳವೆಯನ್ನು ಬಾನೆಟ್ಟಿಗೆ ಗುರಿಯಿಟ್ಟು ನಿಂತಿದ್ದೆ. ತೊಟ್ಟಿಕ್ಕುವುದು ನಿಂತು, ಲೋಹ ತಣ್ಣಗಾಗಿ, ಬಾನೆಟ್ ಎತ್ತುವ ಧೈರ್ಯ ಬರಲು ಇಪ್ಪತ್ತು ನಿಮಿಷವಾದರೂ ಬೇಕಾಯಿತು. ಕಾರ್ಬುರೇಟರ್ ಪೂರ್ತಿ ತೊಯ್ದಿತ್ತು. ಇಂಜಿನ್ನಿನ ಮೇಲಿನ ಕುಳಿಯಲ್ಲಿ ಪೆಟ್ರೋಲ್ ಕೆರೆಯಂತೆ ನಿಂತಿತ್ತು. ಹೆಂಡತಿ ಆ ಚಾವಿಯನ್ನು ಒಂದು ಸಲ ಮುಂದಕ್ಕೆ ತಿರುಗಿಸಿದ್ದರೂ ಬೆಂಕಿ ಹತ್ತಲು ಸಾಕಿತ್ತು.

ಟೋ ಗಾಡಿ ತರಿಸಿ ಕಾರನ್ನು ಬೈಕುಲ್ಲಾಕ್ಕೇ ಕಳಿಸಿ, ನಾವು ಲೋಕಲ್ ರೈಲು ಹಿಡಿದು ಮನೆಗೆ ಬಂದೆವು. ಹೆಂಡತಿ ಕೈಕಾಲು ತೊಳೆದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕ್ಷಮೆ ಕೇಳುತ್ತಾಳೆ ಎಂದುಕೊಂಡೆ.

"ಹಿಂಗಾಗ್ತದಂತ ನಿಮಗ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಗೊತ್ತಿದ್ದೂ ಹೋಗಿ ಚಾ ಕುಡ್ಕೋತ ನಿಂತ್ರಿ. ನಾ ಒಂದು ಮಾತು ಅಂದೆ, ತಪ್ಪಾತು. ಅದಕ್ಕ ನೀವು ನನ್ನನ್ನ ಆ ಗಾಡ್ಯಾಗ ಕೂಡಿಸಿದ್ರಿ. ನೀವೂ ಕುಂತ್ರಿ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕಾರ್ಖಾನೆಯಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ನಾನೇ ಅವನ ಮೇಲೆ ರಿಪೋರ್ಟ್ ಬರೆಯುತ್ತಿದ್ದೆ.

ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ಕಾಗದ ಹರಡಿದೆ. ಅವಳೂ ಎದುರಿಗೆ ಬಂದು ಕೂತಳು. ಮುನ್ನೂರೈವತ್ತು ಕುದುರೆ ಶಕ್ತಿಯ ಇಂಜಿನ್ನು ಪೂರ್ತಿ ಎಳೆಯುವಾಗ ಎಷ್ಟು ಕುಡಿಯುತ್ತದೆ ಎಂದು ಲೆಕ್ಕ ಹಾಕಿದೆವು. ನಿಮಿಷಕ್ಕೆ ಹೆಚ್ಚುಕಡಿಮೆ ಎರಡು ಲೀಟರ್. ಹಾಗಾದರೆ ಎರಡೂವರೆ ಕೊಡುವ ಪಂಪು ಬೇಕು. ಒತ್ತಡ ಆರು ಪೌಂಡು, ಏಳರ ಆಚೆ ಹೋಗಬಾರದು. ಮೆಕ್ಯಾನಿಕಲ್ ಪಂಪೇ ಬೇಕೋ ಇಲೆಕ್ಟ್ರಿಕ್ಕೋ ಎಂಬುದರ ಮೇಲೆ ಒಂದು ತಾಸು ವಾದವಾಯಿತು. ಇಂಜಿನ್ನಿಗೇ ಅಂಟಿಕೊಂಡಿರುವ ಮೆಕ್ಯಾನಿಕಲ್ ಪಂಪಿನಲ್ಲಿ ಒಂದು ನೆಮ್ಮದಿಯಿದೆ: ಇಂಜಿನ್ನು ನಿಂತರೆ ಅದೂ ನಿಲ್ಲುತ್ತದೆ. ಆದರೆ ಮುಂಬೈ ಬಿಸಿಲಿನಲ್ಲಿ, ಟ್ರಾಫಿಕ್ಕಿನಲ್ಲಿ, ಕಾದ ಇಂಜಿನ್ನಿನ ಪಕ್ಕದಲ್ಲೇ ಪೆಟ್ರೋಲ್ ಆವಿಯಾಗಿ ಪಂಪು ಗಾಳಿಯನ್ನೇ ಜಗ್ಗುವ ಅಪಾಯವಿದೆ. ನಮಗೆ ಒಮ್ಮತ ಬರಲಿಲ್ಲ.

"ಕಾಕಾನ್ನ ಕೇಳೋಣು," ಎಂದಳು. ಆಮೇಲೆ, "ಈ ಸಲ ನೀವು ಎದ್ದು ಹೋಗಬಾರದು," ಎಂದಳು.

ಗ್ಯಾರೇಜಿಗೆ ಹೋದಾಗ ಮಿಸ್ತ್ರಿ ನಮ್ಮ ಮುಖ ನೋಡಲಿಲ್ಲ. ವಡಾಲಾದ ಸುದ್ದಿ ಅವರಿಗೆ ಟೋ ಗಾಡಿಯವನಿಂದ ತಿಳಿದಿತ್ತು. ನಾನು ಚೀಲದಿಂದ ಗೇಜ್ ತೆಗೆದು, "ಒಂದು ಸಲ ಹಚ್ಚಿ ನೋಡೂಣೇನ್ರಿ?" ಎಂದೆ. ಅವರೇ ಪಂಪಿಗೆ ಬ್ಯಾಟರಿ ಜೋಡಿಸಿದರು. ರೆಗ್ಯುಲೇಟರ್ ದಾಟಿದ ಪೆಟ್ರೋಲ್ ಒಂದು ಡಬ್ಬಿಗೆ ಬೀಳುವಾಗ ಗೇಜಿನ ಮುಳ್ಳು ಆರರಲ್ಲಿತ್ತು. ಡಬ್ಬಿಯ ಕಡೆಯ ನಲ್ಲಿಯನ್ನು ಮುಚ್ಚಿದೆ. ಕಾರು ಸಿಗ್ನಲ್ಲಿನಲ್ಲಿ ನಿಂತಂತೆ. ಮುಳ್ಳು ಎಂಟಕ್ಕೆ ಹೋಯಿತು, ಹತ್ತಕ್ಕೆ ಹೋಯಿತು, ಹದಿನಾಲ್ಕನ್ನು ದಾಟಿ ಏರುತ್ತಲೇ ಇತ್ತು. ಮಿಸ್ತ್ರಿ ವೈರನ್ನು ಕಿತ್ತರು.

"ಹುಡುಗಿ ಕೂತಿದ್ಲು ಗಾಡ್ಯಾಗ," ಎಂದರು. ಐವತ್ತೈದರ ನನ್ನ ಹೆಂಡತಿ ಅವರಿಗೆ ಇನ್ನೂ ಹುಡುಗಿ. "ಅವರಪ್ಪಗ ನಾ ಏನ್ ಹೇಳ್ತಿದ್ದೆ."

"ನಾನೂ ಇಲ್ಲೇ ಇದ್ನಲ್ರಿ," ಎಂದೆ. "ನಾನೂ ಸುಮ್ಮ ಬಿಟ್ಟು ಹೋದೆ."

ಆಮೇಲೆ ಅವರು ಹಳೆಯ ಪಂಪನ್ನು ಬಿಚ್ಚಿ ಅದರ ರಬ್ಬರಿನ ಪೊರೆಯನ್ನು ನನ್ನ ಅಂಗೈಯಲ್ಲಿಟ್ಟರು. ನೆನೆದ ಚಪಾತಿಯಂತೆ ಊದಿ ಮೆತ್ತಗಾಗಿತ್ತು. ಈಗಿನ ಪೆಟ್ರೋಲಿನಲ್ಲಿ ಇಥೆನಾಲ್ ಬೆರೆಸುತ್ತಾರಲ್ಲ, ಹಳೆಯ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ ಎಂದರು. ಇದು ನನ್ನ ಲೆಕ್ಕದಲ್ಲಿ ಬಂದಿರಲಿಲ್ಲ. ಮೆಕ್ಯಾನಿಕಲ್ಲೋ ಇಲೆಕ್ಟ್ರಿಕ್ಕೋ ಎಂದು ಕೇಳಿದ್ದಕ್ಕೆ ಅವರು, "ಇಲೆಕ್ಟ್ರಿಕ್‌ನ ಹಾಕೂನು. ಆದ್ರ ಕಾರ್ಬುರೇಟರ್ ಸಲುವಾಗಿ ಮಾಡಿದ್ದು. ಟ್ಯಾಂಕಿನ ಬುಡಕ್ಕ, ಕೆಳಗ ಕೂಡಸ್ಬೇಕು. ಪಂಪಿಗೆ ದಬ್ಬೂದು ಬರ್ತೈತಿ, ಜಗ್ಗೂದು ಬರಂಗಿಲ್ಲ," ಎಂದರು. ಆಮೇಲೆ, "ವೈರನ್ನ ಆಯಿಲ್ ಪ್ರೆಶರಿನ ಸ್ವಿಚ್ಚಿನಿಂದ ತರ್ತೀನಿ. ಇಂಜಿನ್ ಸತ್ರ ಆಯಿಲ್ ಪ್ರೆಶರ್ ಬೀಳತೈತಿ, ಪಂಪ್ ತಾನ ಬಂದ್ ಆಗತೈತಿ," ಎಂದರು. ಇಡೀ ಕೆಲಸದಲ್ಲಿ ಅತ್ಯಂತ ಒಳ್ಳೆಯ ಯೋಚನೆ ಅದೇ. ಅದು ಹೊಳೆದದ್ದು ಅವರಿಗೆ.

ಪಂಪು ಹುಡುಕಲು ನಾಲ್ಕು ದಿನವಾಯಿತು. ಒಂದು ಅಂಗಡಿಯವನು ರೇಸಿನ ಗಾಡಿಗಳದೆಂದು ಭಾರೀ ಪಂಪೊಂದನ್ನು ತೋರಿಸಿದ. ನಮಗೆ ಬೇಕಾದ ಮೂರು ಪಟ್ಟು ಕೊಡುವಂಥದ್ದು, ದಿನವಿಡೀ ಓಡಿಸಿದರೆ ಕಾದು ಸೋಲುವಂಥದ್ದು. ಬೇಡವೆಂದೆವು. ಕೊನೆಗೆ ಸಿಕ್ಕಿದ್ದು ಮಧ್ಯಮ ಗಾತ್ರದ್ದು. ಒತ್ತಡ ಏಳರೊಳಗೆ, ಮೈಮೇಲೆ ಕಾರ್ಬುರೇಟರ್‌ಗೆ ಎಂದು ಬರೆದದ್ದು, ಇಥೆನಾಲ್ ತಡೆಯುವಂಥದ್ದು. ಗ್ಯಾರೇಜಿನಲ್ಲಿ ಐದು ಲೀಟರಿನ ಡಬ್ಬಿಯಿಟ್ಟು ಗಡಿಯಾರ ನೋಡಿದೆವು. ಪಂಪಿನಿಂದ ನೇರವಾಗಿ ಡಬ್ಬಿ ಎರಡು ನಿಮಿಷದೊಳಗೆ ತುಂಬಿತು. ಕಾರಿನ ಹಳೆಯ ಪೈಪಿನ ಮೂಲಕ ಬಿಟ್ಟಾಗ ಮೂರೂವರೆ ನಿಮಿಷವಾದರೂ ತುಂಬಲಿಲ್ಲ. ಮೂವರೂ ಪರಸ್ಪರ ಮುಖ ನೋಡಿಕೊಂಡೆವು. ಆ ಸಣ್ಣ ಪೈಪಿದ್ದರೆ ಎಂಥ ಪಂಪು ತಂದರೂ ಸುರಂಗದಲ್ಲಿ ಮತ್ತೆ ನಿಲ್ಲುತ್ತಿದ್ದೆವು. ಪೈಪನ್ನೂ ದಪ್ಪನೆಯದಕ್ಕೆ ಬದಲಾಯಿಸಿದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಪರೀಕ್ಷೆ. ಗೇಜನ್ನು ಕಾರಿನ ಮುಂದಿನ ಗಾಜಿನ ಹೊರಗೆ, ನನ್ನ ಕಣ್ಣಿಗೆ ಕಾಣುವಂತೆ ಟೇಪಿನಿಂದ ಅಂಟಿಸಿದ್ದೆವು. ಮಿಸ್ತ್ರಿ ಬೆಂಕಿ ಆರಿಸುವ ಸಿಲಿಂಡರನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಬರಬೇಡಿ ಎಂದರೆ ಕೇಳಲಿಲ್ಲ. ಹೊರಡುವ ಮೊದಲು ಇಂಜಿನ್ನನ್ನು ಹತ್ತು ನಿಮಿಷ ಸುಮ್ಮನೆ ನಿಂತಲ್ಲೇ ಓಡಿಸಿದೆವು. ಮುಳ್ಳು ಆರರಲ್ಲಿ ಕೂತಿತ್ತು. ಕಾರ್ಬುರೇಟರಿನ ಸುತ್ತ ಕೈಯಾಡಿಸಿದೆ, ಒಣಗಿತ್ತು. ಇಂಜಿನ್ನು ಆರಿಸಿದಾಗ ಪಂಪಿನ ಸದ್ದೂ ನಿಂತಿತು.

ಫ್ರೀವೇ ಖಾಲಿಯಿತ್ತು. ಹೆಂಡತಿ ಹಿಂದೆ ಮುಂದೆ ನೋಡಿ ವೇಗ ಇಳಿಸಿದಳು. "ಹಾಕ್ಲೇನ್ರಿ?" ಎಂದಳು.

"ಹಾಕು."

ಅವಳು ಪೂರ್ತಿ ಒತ್ತಿದಳು. ನಾನು ರಸ್ತೆ ನೋಡಲಿಲ್ಲ, ಮುಳ್ಳನ್ನು ನೋಡಿದೆ. ಆರು. ಐದೂಮುಕ್ಕಾಲು. ಇಂಜಿನ್ನಿನ ಗರ್ಜನೆ ಏರುತ್ತಿತ್ತು. ಐದೂವರೆ. ಹಿಂದಿನಿಂದ ಮಿಸ್ತ್ರಿಯ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಅವರೂ ಮುಂದಕ್ಕೆ ಬಗ್ಗಿ ಮುಳ್ಳನ್ನೇ ನೋಡುತ್ತಿದ್ದರು. ಐದಕ್ಕೆ ಇಳಿದರೆ ಬಿಡು ಎನ್ನಬೇಕೆಂದು ಬಾಯಲ್ಲಿ ಮಾತು ಸಿದ್ಧವಾಗಿತ್ತು. ಮುಳ್ಳು ಐದೂವರೆಯ ಗೆರೆಯ ಮೇಲೆ ನಡುಗುತ್ತ ನಿಂತಿತು. ಅಲ್ಲಿಂದ ಕದಲಲಿಲ್ಲ.

"ಬಿಡು ಸಾಕು," ಎಂದೆ.

ಅವಳು ಕಾಲು ತೆಗೆದಳು. ಮುಳ್ಳು ಮೇಲೆ ಹೋಗುವುದೋ ಎಂದು ಇನ್ನೊಂದು ಹೆದರಿಕೆ. ಅದು ಆರಕ್ಕೆ ಬಂದು ಸುಮ್ಮನಾಯಿತು. ಸುರಂಗ ದಾಟಿ ಫ್ರೀವೇ ಇಳಿದ ಮೇಲೆ ಎಡಕ್ಕೆ ನಿಲ್ಲಿಸಿದೆವು. ಹೆಂಡತಿ ಸ್ಟಿಯರಿಂಗನ್ನು ಎರಡೂ ಕೈಯಿಂದ ಹಿಡಿದೇ ಇದ್ದಳು. ಬಸ್ಸಿನ ಮುಂದೆಯೂ ಗಾಬರಿಯಾಗದವಳು.

"ನನಗ ಭಾಳ ಅಂಜಿಕಿ ಆಗಿತ್ರೀ," ಎಂದಳು, ನನ್ನ ಕಡೆ ತಿರುಗದೆ. "ಗಾಡಿ ಮಾರಿಬಿಡೂಣಂತ ಅನಿಸಿತ್ತು."

ನಾನು ಅವಳ ಮುಂಗೈ ಮೇಲೆ ಕೈಯಿಟ್ಟೆ. ಅವಳು ಸರಿಸಲಿಲ್ಲ. ಹಿಂದಿನ ಸೀಟಿನಲ್ಲಿ ಮಿಸ್ತ್ರಿ ಸಿಲಿಂಡರನ್ನು ಕೆಳಗಿಟ್ಟ ಸದ್ದಾಯಿತು.

"ಈಗ ನನ್ನ ಬೈಕುಲ್ಲಾಕ್ಕ ಬಿಡ್ರಿ," ಎಂದರು. "ಗಿರಾಕಿ ಕಾಯಾಕತ್ತಾನ."

ಅವಳು ಕಣ್ಣೊರೆಸಿಕೊಂಡು ಗೇರ್ ಹಾಕಿದಳು.